ಗುಲಾಬಿಯ ಬುಡದ ಗಂಟು

ಗಡಹಿಂಗ್ಲಜದ ನರ್ಸರಿಗೆ ಹೋದಾಗೆಲ್ಲ ನಾನು ಗುಲಾಬಿಯ ಹೂವನ್ನು ಆಮೇಲೆ ನೋಡುತ್ತೇನೆ. ಮೊದಲು ಕುಂಡದ ಮಣ್ಣಿಗೆ ಬೆರಳಿಳಿಸಿ ಬುಡ ಸವರುತ್ತೇನೆ. ಮೊನ್ನೆ ನರ್ಸರಿಯವನು ತಾಳ್ಮೆಗೆಟ್ಟ. “ಎಲ್ಲಾರೂ ಹೂ ನೋಡ್ತಾರ, ನೀವೇನ್ರಿ ಮೇಡಮ್, ಮಣ್ಣ ಕೆದರಾಕತ್ತೀರಿ?” ಎಂದ. ಹಸಿ ಮಣ್ಣಿನ ವಾಸನೆ ಬೆರಳಿಗೆ ಹತ್ತಿತ್ತು. ಅವನಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ನಿಮಗಾದರೆ ಹೇಳಬಹುದು, ನೀವು ಕೂತಿದ್ದೀರಿ, ಅವನು ನೀರು ಹಾಕುವ ಅವಸರದಲ್ಲಿದ್ದ.

ನನ್ನ ತಂದೆಯ ಅಕ್ಕ, ನಮ್ಮ ಅತ್ತಿ, ಇರುವುದು ಉದಗಾಂವದಲ್ಲಿ. ಸುತ್ತ ಎಲ್ಲರದೂ ಕಬ್ಬು. ಆಕೆ ಮಾತ್ರ ಮನೆಯ ಹಿಂದಿನ ತುಂಡು ಹೊಲದಲ್ಲಿ ಗುಲಾಬಿ ಹಚ್ಚಿದ್ದಳು. ಬೆಳಗಾದರೆ ಹೂವಿನ ಬುಟ್ಟಿ ಜಯಸಿಂಗಪುರದ ಪೇಟೆಗೆ ಹೋಗುತ್ತಿತ್ತು. ಕಸಿ ಕಟ್ಟುವುದರಲ್ಲಿ ಆಕೆಯ ಕೈ ಪಳಗಿತ್ತು. ಕಟ್ಟಿದ ಸಸಿಗಳಲ್ಲಿ ಕೆಲವನ್ನು ಪ್ರತಿವರ್ಷ ಓಣಿಯ ಹೆಂಗಸರಿಗೆ ಹಂಚುತ್ತಿದ್ದಳು.

ನಾನಾಗ ಕೊಲ್ಹಾಪುರದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಚಳಿಗಾಲದ ರಜೆಗೆ ಬಂದ ನನ್ನ ಕೈಗೆ ಅತ್ತಿ ಕಸಿ ಚಾಕು ಕೊಟ್ಟು, “ಒಂದೊಂದ ಗಿಡ ಆದ ಕೂಡ್ಲೆ ಸ್ಪಿರಿಟ್‌ನ್ಯಾಗ ಅದ್ದಬೇಕ, ಮರೀಬ್ಯಾಡ” ಎಂದಳು. ಮೊದಲ ಐದಾರು ಗಿಡಗಳಿಗೆ ಅದ್ದಿದೆ. ಆಮೇಲೆ ಬೇಸರ ಬಂತು. ಕ್ರಿಮಿಗಳ ಬಗ್ಗೆ ಓದುವವಳಿಗೆ ಕ್ರಿಮಿಗಳ ಭಯವಿರಲಿಲ್ಲ, ನೋಡಿ.

ಮಳೆಗಾಲದ ಹೊತ್ತಿಗೆ ಗಿಡಗಳು ಸೊರಗಿದವು. ಕಿತ್ತರೆ ಬುಡದಲ್ಲಿ ಲಿಂಬಿಕಾಯಿ ಗಾತ್ರದ ಒರಟು ಗಂಟು. ಒಂದನ್ನು ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ದು ನಮ್ಮ ಕಾಲೇಜಿನ ಮೇಡಮ್ಮಿಗೆ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು. ಹೋದ ಪರೀಕ್ಷೆಯಲ್ಲಿ ಇದನ್ನೇ ಅಲ್ಲವೇ ಬರೆದದ್ದು ಎಂದು ಮರಾಠಿಯಲ್ಲಿ ಕೇಳಿದರು. ಬರೆದಿದ್ದೆ, ಚಿತ್ರಸಮೇತ. ತೋಟದಲ್ಲಿ ಕಂಡಾಗ ಗುರುತು ಹತ್ತಿರಲಿಲ್ಲ, ಅಷ್ಟೆ.

ಮಣ್ಣಿನ ಒಂದು ಬ್ಯಾಕ್ಟೀರಿಯಾ ಗಿಡದ ಗಾಯವನ್ನು ಹುಡುಕಿಕೊಂಡು ಬರುತ್ತದೆ. ಜೀವಕೋಶಕ್ಕೆ ಅಂಟಿಕೊಂಡು, ಕೊಳವೆಯಂಥ ಅತಿ ಸಪೂರ ದಾರಿಯಿಂದ ತನ್ನ ಡಿಎನ್‌ಎಯ ತುಣುಕೊಂದನ್ನು ಒಳಗೆ ಕಳಿಸುತ್ತದೆ. ಜೊತೆಗೆ ಕೆಲವು ಪ್ರೋಟೀನುಗಳೂ ಹೋಗಿ, ಆ ತುಣುಕನ್ನು ಕಾಪಾಡಿ ಕೋಶದ ಕೇಂದ್ರಕ್ಕೆ ಮುಟ್ಟಿಸುತ್ತವೆ. ಅಲ್ಲಿ ಅದು ಗಿಡದ ಡಿಎನ್‌ಎಯಲ್ಲೇ ಸೇರಿಹೋಗುತ್ತದೆ. ಅಲ್ಲಿಂದ ಮುಂದೆ ಗಿಡವೇ ಗಂಟು ಬೆಳೆಸುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಊಟವನ್ನೂ ತಯಾರಿಸಿಕೊಡುತ್ತದೆ. ಹತ್ತಿದ ಮೇಲೆ ಔಷಧವಿಲ್ಲ, ಕಿತ್ತು ಸುಡಬೇಕು. ಗಿಡದಿಂದ ಗಿಡಕ್ಕೆ ಅದನ್ನು ದಾಟಿಸುವುದು ಬಹಳ ಸಲ ತೊಳೆಯದ ಚಾಕು ಎಂದರು ಮೇಡಮ್. ನಾನು ತಲೆ ತಗ್ಗಿಸಿದೆ.

ಸಂಜೆ ಉದಗಾಂವಕ್ಕೆ ಮರಳಿ ಅತ್ತಿಗೆ ಎಲ್ಲ ಹೇಳಿದೆ, ಚಾಕುವಿನ ಮಾತನ್ನೂ ಹೇಳಿದೆ. ಬೈಗುಳಕ್ಕೆ ಕಾದು ನಿಂತೆ. ಆಕೆ ಕೇಳಿದ್ದೇ ಬೇರೆ.

“ನೀ ಕಟ್ಟಿದ ಸಸಿ ಆರು ಮನಿಗೆ ಕೊಟ್ಟೇನಿ. ಅವರ ಗತಿ ಏನ?”

“ನನ್ನ ಹೆಸರ ಹೇಳಬ್ಯಾಡ, ಅತ್ತಿ.”

“ಹೇಳೂದಿಲ್ಲ. ಆದ್ರ ನೀ ಜೋಡಿ ಬಾ. ಆ ಹುಳದ ಕತಿ ನನಗ ಹೇಳಾಕ ಬರೂದಿಲ್ಲ.”

ಮರುದಿನ ಬೆಳಿಗ್ಗೆ ಹೊರಟೆವು. “ನಮ್ಮ ಚಾಕೂದಿಂದ ಆಗೇತ್ರಿ, ಗಿಡ ಕಿತ್ತ ಸುಟ್ಟಬಿಡ್ರಿ” ಎಂದು ಅತ್ತಿ ಕೈಮುಗಿದಳು. ಮೊದಲ ಮನೆಯವರು ಒಪ್ಪಿದರು. ಎರಡನೆಯ ಮನೆಯಾಕೆ ಮಾತ್ರ, “ರೋಗದ ಸಸಿ ಅಂತ ಗೊತ್ತಿದ್ದ ಕೊಟ್ರೇನ್ರಿ, ವೈನಿ?” ಎಂದುಬಿಟ್ಟಳು. ಅತ್ತಿ ಮತ್ತೊಮ್ಮೆ ಕೈಮುಗಿದಳು. ನಾನು ಆಕೆಯ ಹಿಂದೆ ನಿಂತು ಸೆರಗಿನ ಅಂಚು ನೋಡುತ್ತಿದ್ದೆ.

ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ. ಆಕೆಯ ಗಿಡ ಮೈತುಂಬ ಹೂ ಬಿಟ್ಟಿತ್ತು. “ಇಷ್ಟ ಚಂದ ಬಿಟ್ಟೈತಿ, ರೋಗ ಎಲ್ಲೈತ್ವಾ?” ಎಂದಳು. ನಾನು ಮೊಣಕಾಲೂರಿ ಬುಡ ಕೆದರಿದೆ. ಕಡಲೆಕಾಳಿನಷ್ಟು ಗಂಟು. ಅದರ ಕತೆಯನ್ನು ನನಗೆ ಬಂದಂತೆ ಹೇಳಿ, ಕೊನೆಗೆ, “ಚಾಕು ನನ್ನ ಕೈಯಾಗಿತ್ರಿ, ಆಯಿ. ಅತ್ತಿ ಅದ್ದು ಅಂದಿದ್ಲು, ನಾ ಅದ್ದಲಿಲ್ಲ” ಎಂದೆ.

ಮುದುಕಿ ಗಂಟನ್ನೇ ನೋಡಿದಳು. “ಅಂದ್ರ ಗಿಡಕ್ಕ ತಿಳೀದಂಗ ಗಿಡದ ಕಡಿಂದನ ದುಡಿಸ್ಕೊಂತೈತೇನ ಅದು?”

“ಹೌದ್ರಿ.”

“ಅಸೂ ದೇ ಗ, ಪೋರಿ,” ಇರಲಿ ಬಿಡು ಹುಡುಗಿ ಎಂದು ಮರಾಠಿಯಲ್ಲಿ ಅಂದು, ತಾನೇ ಗಿಡ ಕಿತ್ತು ಬದಿಗಿಟ್ಟು ನಮಗೆ ಚಹಾ ಮಾಡಿದಳು. ಉಳಿದ ಮೂರು ಮನೆಗಳಲ್ಲಿ ಮೊದಲು ಬಾಯಿ ತೆರೆದವಳು ನಾನು. ತಿರುಗಿ ಬರುವಾಗ ಎರಡನೆಯ ಮನೆಯ ಬಾಗಿಲನ್ನೂ ಮತ್ತೆ ಬಡಿದೆ.

ಅತ್ತಿ ತನ್ನ ತೋಟವನ್ನೆಲ್ಲ ಕಿತ್ತು ಸುಟ್ಟಳು. ಆ ಹೊಲಕ್ಕೆ ಈ ರೋಗ ಹತ್ತದ ಜೋಳ ಬಿತ್ತಿ, ಬಾವಿಯ ಆಚೆಗೆ ಹೊಸದಾಗಿ ಗುಲಾಬಿ ಹಚ್ಚಿದಳು. ಮುಂದಿನ ಚಳಿಗಾಲ ನನ್ನನ್ನು ಕರೆಸಿ ಚಾಕು ಕೊಟ್ಟಳು. ಈ ಸಲ ಸ್ಪಿರಿಟ್ಟಿನ ಮಾತೇ ಆಡಲಿಲ್ಲ. ಒಂದೊಂದು ಗಿಡಕ್ಕೂ ಚಾಕು ಅದ್ದಿ ಕಟ್ಟುತ್ತ ನನಗೆ ಅಳು ಬಂತು.

ಈಗ ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ಬ್ಯಾಕ್ಟೀರಿಯಾ ಕಳಿಸುವ ಆ ತುಣುಕಿನಿಂದ ಗಂಟು ಕಟ್ಟಿಸುವ ಭಾಗವನ್ನು ತೆಗೆದುಹಾಕಿ, ಅದೇ ದಾರಿಯಿಂದ ವಿಜ್ಞಾನಿಗಳು ಬೆಳೆಗಳಿಗೆ ತಮಗೆ ಬೇಕಾದ ಜೀನು ಸೇರಿಸುತ್ತಾರೆ ಎಂದು ಉತ್ಸಾಹದಿಂದ ಹೇಳುತ್ತೇನೆ. ಉದಗಾಂವದ ಮಾತನ್ನು ಮಾತ್ರ ಎಂದೂ ಎತ್ತಿರಲಿಲ್ಲ. ನರ್ಸರಿಯಿಂದ ಬಂದ ಮರುದಿನ ಎತ್ತಿದೆ.

ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದುಳಿದಳು. “ಮೇಡಮ್, ಹ್ವಾದ ವಾರ ಲ್ಯಾಬಿನ್ಯಾಗ ಎಲ್ಲಾರ ಪ್ಲೇಟ್ ಕೆಟ್ಟಿದ್ದು ನನ್ನಿಂದರಿ. ತಂತಿ ಸುಡದನ ಬಾಟ್ಲಿಗೆ ಅದ್ದಿದ್ದೆ.” ಬ್ಯಾಕ್ಟೀರಿಯಾ ಎತ್ತುವ ತಂತಿಯನ್ನು ಪ್ರತಿಸಲ ಬೆಂಕಿಯಲ್ಲಿ ಸುಡದಿದ್ದರೆ ಎಲ್ಲರೂ ಬಳಸುವ ಬಾಟಲಿ ಕೆಟ್ಟು, ಅದರಿಂದ ಬೆಳೆಸಿದ ಪ್ಲೇಟುಗಳೆಲ್ಲ ಕೆಡುತ್ತವೆ. ಇಬ್ಬರೂ ಕೂತು ಹೊಸ ಪ್ಲೇಟುಗಳನ್ನು ಮಾಡಿದೆವು.

ಅವತ್ತು ಅತ್ತಿಗೆ ಫೋನ್ ಮಾಡಿ, ಇಷ್ಟು ವರ್ಷ ಹೇಳದೆ ಉಳಿದಿದ್ದ ಕೃತಜ್ಞತೆಯನ್ನು ಹೇಳಿದೆ. ಯಾತಕ್ಕ ಎಂದಳು. ಎಲ್ಲ ಹೇಳಿದೆ. ಆಕೆ ಕೇಳಿದಳು:

“ಆ ಹುಡುಗಿಗೆ ಬೈದಿಲ್ಲ, ಹೌದಿಲ್ಲೊ?”