ಅಪ್ಪ ಮುರಿಯಬೇಕಿದ್ದ ಬನ್ನು

ಅಪ್ಪ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಲಿಂಗಾಯತರ ಹುಡುಗನನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದ ದಿನದಿಂದ ಬಾಪೂಜಿ ನಗರದ ಆ ಮನೆಗೆ ನಾನು ಇಲ್ಲದವಳು. ಅಮ್ಮ ಮಾತ್ರ ತರಕಾರಿ ತರುವ ನೆಪ ಮಾಡಿಕೊಂಡು ವಿಜಯನಗರದ ತನಕ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದಳು. ಆ ಜನವರಿಯಲ್ಲಿ ಅಮ್ಮನೂ ಹೋದಳು. ಮಣ್ಣು ಮಾಡುವಾಗ ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು, ಒಂದು ಸಲವೂ ತಿರುಗಿ ನೋಡಲಿಲ್ಲ. ಹಟ ಎಂದರೆ ಹಾಗಿರಬೇಕು. ನನಗೆ ಅವರಿಂದ ಬಂದ ಆಸ್ತಿ ಅದೊಂದೇ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಅಮ್ಮ ಇಲ್ಲದ ಮೊದಲ ಗುಡ್ ಫ್ರೈಡೇ ಹತ್ತಿರ ಬರುತ್ತಿತ್ತು. ಆ ದಿನ ನಮ್ಮ ಮನೆಯಲ್ಲಿ ಬೆಳಗಿನಿಂದ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಮೂರು ಗಂಟೆಯ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಬಂದ ಮೇಲೆ ಅಮ್ಮ ಮಾಡಿದ ಬನ್ನಿನಿಂದಲೇ ಉಪವಾಸ ಬಿಡುವುದು. ಚಕ್ಕೆ, ಲವಂಗ, ಜಾಯಿಕಾಯಿ ಹಾಕಿದ, ನೆತ್ತಿಯ ಮೇಲೆ ಶಿಲುಬೆ ಗುರುತಿದ್ದ ಬನ್ನು. ಅದನ್ನು ಅಪ್ಪನೇ ಮುರಿಯಬೇಕು. ಮುರಿದು ಮೊದಲು ಮನೆಯವರ ಕೈಗೆ ಒಂದೊಂದು ಚೂರು ಕೊಟ್ಟು ಆಮೇಲೆ ತಾವು ತಿನ್ನಬೇಕು. ಇನ್ನೊಬ್ಬರಿಗೆ ಕೊಡದೆ ತಿನ್ನುವ ಹಾಗಿಲ್ಲ. ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ.

ಈಗ ಅಪ್ಪ ಒಬ್ಬರೇ. ಮುರಿದು ಕೊಡುವುದಾದರೂ ಯಾರಿಗೆ? ನಾನು ಬನ್ನು ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಂತರೆ ಅವರು ಮುರಿಯಲೇಬೇಕು, ಮುರಿದರೆ ನನ್ನ ಕೈಗೆ ಕೊಡಲೇಬೇಕು. ಮಾತಾಡದಿದ್ದರೂ ಚಿಂತೆಯಿಲ್ಲ. ಒಂದು ಚೂರು ಕೊಟ್ಟರೆ ಸಾಕು, ನಾನು ಮತ್ತೆ ಆ ಮನೆ ಮಗಳು. ಇಪ್ಪತ್ನಾಲ್ಕು ವರ್ಷದ ಹೆಂಗಸು ಇಂಥ ಲೆಕ್ಕಾಚಾರ ಹಾಕಿ ಕೂತಿದ್ದೆ ಎಂದರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಒಂದೇ ತೊಡಕು. ಅಮ್ಮನ ಬನ್ನು ಉಬ್ಬುತ್ತಿದ್ದದ್ದು ಸೇಂದಿಯಿಂದ. ಈಚಲು ಮರದ ಸೇಂದಿ ಸುರಿದು ಹಿಟ್ಟು ಕಲಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಪಾತ್ರೆ ತುಂಬಿರುತ್ತಿತ್ತು. ನಾನಿದ್ದದ್ದೋ ವಿಜಯನಗರದ ಮಾರೇನಹಳ್ಳಿ ಪಕ್ಕದಲ್ಲಿ, ಅತ್ತೆಯ ಮನೆಯಲ್ಲಿ. ದಾವಣಗೆರೆ ಕಡೆಯಿಂದ ಬಂದ ಅತ್ತೆ ಲಿಂಗಪೂಜೆ ಆಗದೆ ಒಂದು ಹನಿ ನೀರು ಮುಟ್ಟುವವರಲ್ಲ. ಮೊಟ್ಟೆಯ ಹೆಸರನ್ನೂ ಆ ಮನೆಯಲ್ಲಿ ಎತ್ತುತ್ತಿರಲಿಲ್ಲ. ನನ್ನನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲು ಅವರಿಗೆ ಒಂದು ವರ್ಷ ಹಿಡಿದಿತ್ತು. ಅಂಥ ಅಡುಗೆಮನೆಗೆ ಸೇಂದಿ ತರುವುದೆಂದರೆ ಕೈಯಾರೆ ಮನೆಗೆ ಬೆಂಕಿ ಇಟ್ಟುಕೊಂಡ ಹಾಗೆ. ಬೇಕರಿಯವನನ್ನು ಕೇಳಿದ್ದರೆ ಚಿಟಿಕೆ ಈಸ್ಟ್ ಕೊಡುತ್ತಿದ್ದ. ಆದರೆ ನನಗೆ ಅಮ್ಮನ ಬನ್ನಿನ ಆ ಹುಳಿವಾಸನೆಯೇ ಬೇಕಿತ್ತು. ಅದಿಲ್ಲದಿದ್ದರೆ ಅಪ್ಪ ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ ಅಂತ ತಲೆಯೊಳಗೆ ಹೊಕ್ಕಿತ್ತು.

ಗುರುವಾರ ಬೆಳಗ್ಗೆ ಮಾಗಡಿ ರಸ್ತೆಯ ಸೇಂದಿ ಅಂಗಡಿಗೆ ನಾನೇ ಹೋದೆ. ಗಂಡ ಆಫೀಸಿನ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಹೊರಡುವಾಗ, "ಏನ್ ಮಾಡೋದಿದ್ರೂ ಅಮ್ಮಂಗೆ ಹೇಳಿ ಮಾಡು ಕಣೇ" ಎಂದಿದ್ದರು. ಹೇಳಲಿಲ್ಲ. ಅಂಗಡಿ ಮುಂದೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ನನ್ನನ್ನು ನೋಡಿ ಸುಮ್ಮನಾದರು. "ಯಾರ್ಗಮ್ಮ, ಯಜಮಾನ್ರಿಗಾ?" ಅಂತ ಅಂಗಡಿಯವನು ಕೇಳಿದ. "ಹಿಟ್ಟಿಗೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಬಾಟಲಿಗೆ ಸುರಿದು ಕೊಟ್ಟ. ಸೆರಗಿನೊಳಗೆ ಬಾಟಲಿ ಬಚ್ಚಿಟ್ಟುಕೊಂಡು ಮನೆ ತನಕ ತಲೆ ಎತ್ತದೆ ನಡೆದೆ.

ಸಂಜೆ ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಹಿಟ್ಟು ಕಲಸಿದೆ. ಮೈದಾ, ಸಕ್ಕರೆ, ಬೆಣ್ಣೆ, ಒಣದ್ರಾಕ್ಷಿ, ಕುಟ್ಟಿದ ಮಸಾಲೆ, ಮೇಲೆ ಸೇಂದಿ. ಅಗಲ ಬಾಯಿಯ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಅಕ್ಕಿ ಡಬ್ಬದ ಹಿಂದಿನ ಮೂಲೆಯಲ್ಲಿ ಬಚ್ಚಿಟ್ಟೆ. ಬಾಟಲಿಯನ್ನು ಮೂರು ಸಲ ತೊಳೆದು ಬೀದಿಯ ತೊಟ್ಟಿಗೆ ಎಸೆದು ಬಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಊಟಕ್ಕೆ ಕೂತಾಗ ಅತ್ತೆ ಮೂಗು ಒರೆಸಿಕೊಂಡರೂ ನಾನು ಅಕ್ಕಿ ಡಬ್ಬದ ಕಡೆ ನೋಡುತ್ತಿದ್ದೆ.

ಶುಕ್ರವಾರ ಬೆಳಗ್ಗೆ ತಟ್ಟೆ ತೆಗೆದು ನೋಡಿದರೆ ಹಿಟ್ಟು ಇಟ್ಟ ಹಾಗೇ ಕೂತಿತ್ತು. ಒಂದು ಬೆರಳಿನಷ್ಟೂ ಎದ್ದಿರಲಿಲ್ಲ. ಅಂಗಡಿಯವನು ಸೇಂದಿಗೆ ನೀರು ಬೆರೆಸಿದ್ದನೋ, ಆ ಮೂಲೆ ತಣ್ಣಗಿತ್ತೋ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಮ್ಮ ಸತ್ತಾಗಲೂ ಅಷ್ಟು ಅಳು ಬಂದಿರಲಿಲ್ಲ, ಆಗ ಅಳುವುದಕ್ಕೆ ಅಪ್ಪನ ಭಯ ಇತ್ತು. ಈಗ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದೆ. ಮತ್ತೆ ಹಿಟ್ಟು ಕಲಸಲು ಹೊತ್ತಿಲ್ಲ, ಮುಂದಿನ ಗುಡ್ ಫ್ರೈಡೇಗೆ ಅಪ್ಪ ಇರುತ್ತಾರೋ ಇಲ್ಲವೋ ಯಾರು ಬಲ್ಲರು. ಮುಖ ತೊಳೆದುಕೊಂಡು ಬರೋಣವೆಂದು ಬಚ್ಚಲಿಗೆ ಹೋದೆ.

ಬಂದು ನೋಡಿದರೆ ಮೂಲೆಯಲ್ಲಿ ಪಾತ್ರೆಯೇ ಇಲ್ಲ.

ಅತ್ತೆ ಅಡುಗೆಮನೆಯ ನೆಲಕ್ಕೆ ನೀರು ಹಾಕಿ ಒರೆಸುತ್ತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಸೇಂದಿ ವಾಸ್ನೆ ನಂಗೆ ಗೊತ್ತಾಗಲ್ಲ ಅಂದ್ಕಂಡಿದ್ಯೇನವ್ವಾ?" ಎಂದರು, ಒರೆಸುವುದನ್ನು ನಿಲ್ಲಿಸದೆ. "ನಮ್ಮೂರಲ್ಲಿ ನಮ್ ಹೊಲದ ಬದುವಿನ ಮೇಲೇ ಈಚಲು ಮರ ಇದ್ವು."

"ಅತ್ತೆ, ಅದು ಕುಡಿಯೋಕಲ್ಲ. ಅಪ್ಪಂಗೆ ಬನ್ನು ಮಾಡೋಕೆ…" ಎಂದು ಶುರು ಮಾಡಿ ಎಲ್ಲ ಹೇಳಿಬಿಟ್ಟೆ. ಪ್ರಾರ್ಥನೆ, ಉಪವಾಸ, ಅಪ್ಪ ಮುರಿಯುವುದು, ನನ್ನ ಕೈಗೆ ಕೊಡಬೇಕಾದ ಚೂರು. ಹೇಳುತ್ತಾ ಹೇಳುತ್ತಾ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಎರಡು ವರ್ಷದಿಂದ ಈ ಹೆಂಗಸಿಗೆ ನನ್ನ ತವರಿನ ಒಂದು ವಿಷಯವನ್ನೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ, ಅದು ಬೇರೆ ಮಾತು.

"ಚೆಲ್ಲಿಬಿಟ್ರಾ ಅತ್ತೆ?"

"ತಿನ್ನೋ ಹಿಟ್ಟು ಯಾರಾದ್ರೂ ಚೆಲ್ತಾರಾ? ಒಳಗಿರಬಾರ್ದು, ಹೊರಗಿಟ್ಟಿದೀನಿ ಹೋಗು."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಏಪ್ರಿಲ್ಲಿನ ಬಿಸಿಲಲ್ಲಿ ಪಾತ್ರೆ ಕೂತಿತ್ತು. ಕಾಗೆ ಮುಟ್ಟದಿರಲೆಂದು ಒದ್ದೆ ಬಟ್ಟೆ ಹೊದಿಸಿ ನಾಲ್ಕು ಕಡೆ ಕಲ್ಲು ಇಟ್ಟಿದ್ದರು. ನಾನು ಅದರ ಎದುರು ಕುಕ್ಕುರುಗಾಲಲ್ಲಿ ಕೂತೆ. ಬಿಸಿಲು ಏರಿತು, ಹಿಟ್ಟೂ ಏರಿತು. ಹತ್ತೂವರೆಗೆ ಬಟ್ಟೆ ಎತ್ತಿ ನೋಡಿದರೆ ಪಾತ್ರೆಯ ಕಂಠಕ್ಕೆ ಬಂದಿತ್ತು. ಹಿತ್ತಲಲ್ಲೇ ಉಂಡೆ ಕಟ್ಟಿ ತಟ್ಟೆಗಳಲ್ಲಿ ಜೋಡಿಸಿ, ಬ್ಲೇಡಿನಿಂದ ಶಿಲುಬೆ ಗೀರಿ, ತಲೆ ಮೇಲೆ ಹೊತ್ತುಕೊಂಡು ಬೇಕರಿಗೆ ಓಡಿದೆ. ಬೇಕರಿಯವನು ಬ್ರೆಡ್ಡು ತೆಗೆದ ಒಲೆಯ ಉಳಿದ ಕಾವಿನಲ್ಲಿ ಬೇಯಿಸಿಕೊಟ್ಟ. ಸ್ವಲ್ಪ ಕಪ್ಪಗಾಗಿದ್ದವು. ಅಮ್ಮನವೂ ಕಪ್ಪಗೇ ಆಗುತ್ತಿದ್ದವು.

ಹೊರಡುವಾಗ ಅತ್ತೆ ಒಗೆದ ಟವೆಲೊಂದನ್ನು ಗಂಟು ಕಟ್ಟಲು ಕೊಟ್ಟರು. "ತಿಂದ್ರೂ ಬಂದು ಹೇಳು, ತಿನ್ಲಿಲ್ಲ ಅಂದ್ರೂ ಬಂದು ಹೇಳು" ಎಂದರು.

ಅತ್ತಿಗುಪ್ಪೆ ದಾಟಿ ಬಾಪೂಜಿ ನಗರಕ್ಕೆ ನಡೆದುಕೊಂಡೇ ಹೋದೆ. ಬಾಗಿಲಿಗೆ ಬೀಗ ಇತ್ತು. ನೀರೂ ಕುಡಿಯದೆ ಮೆಟ್ಟಿಲ ಮೇಲೆ ಕಾದೆ. ಐದರ ಹೊತ್ತಿಗೆ ಅಪ್ಪ ಬಂದರು. ಅಂಗಿಯ ಕಾಲರು ಸಡಿಲವಾಗಿ ಕತ್ತು ಒಳಗೆ ಇಳಿದುಹೋದ ಹಾಗಿತ್ತು, ಮೂರೇ ತಿಂಗಳಲ್ಲಿ ಅಷ್ಟು ಬಡವಾಗಿದ್ದರು. ನನ್ನನ್ನು ನೋಡಿದರು, ಬೀಗ ತೆಗೆದರು, ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ಹೊಸ್ತಿಲ ಮೇಲೆ ಗಂಟು ಬಿಚ್ಚಿದೆ.

"ಅಪ್ಪಾ, ಬನ್ನು ತಂದಿದೀನಿ. ಅಮ್ಮನ ಥರಾನೇ, ಸೇಂದಿ ಹಾಕಿ ಮಾಡಿದೀನಿ."

ಕೈ ತೊಳೆದು ಬಂದರು. ಬಗ್ಗಿ ಒಂದು ಬನ್ನು ಎತ್ತಿಕೊಂಡು ಮೂಸಿದರು. ಅವರ ಗಲ್ಲ ನಡುಗಿದ್ದು ನನಗೆ ಕಂಡಿತು, ಅದು ಸುಳ್ಳಲ್ಲ. ಶಿಲುಬೆ ಗುರುತು ಮಾಡಿಕೊಂಡು ಎರಡು ಹೋಳು ಮಾಡಿದರು. ನಾನು ಆಗಲೇ ಅಂಗೈ ಚಾಚಿದ್ದೆ.

ಅಪ್ಪ ನನ್ನ ಪಕ್ಕದಿಂದ ದಾಟಿ ಹೊರಗೆ ಬಂದರು. ಪಕ್ಕದ ಮನೆಯ ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯ ಹತ್ತಿರ ಹೋಗಿ ಒಂದು ಹೋಳು ಕೊಟ್ಟರು. "ತಗೊಳ್ಳಿ ಅಜ್ಜಿ, ಇವತ್ತು ನಮ್ಮ ಹಬ್ಬ" ಎಂದರು. ವಾಪಸು ಬಂದು, ನನಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಇನ್ನೊಂದು ಹೋಳನ್ನು ತಿಂದರು. ಚೂರೂ ಬಿಡದೆ ತಿಂದರು. ಕೊಟ್ಟು ತಿನ್ನಬೇಕು ಎಂಬ ಪದ್ಧತಿಗೆ ಅವರು ತಪ್ಪಲಿಲ್ಲ. ನಾನು ಎಷ್ಟು ಹೊತ್ತು ಹಾಗೇ ಕೈ ಚಾಚಿ ನಿಂತಿದ್ದೆನೋ ಗೊತ್ತಿಲ್ಲ. "ಅಪ್ಪಾ, ನಂಗೆ?" ಎಂದು ಕೇಳಿದೆ, ನಾಚಿಕೆ ಬಿಟ್ಟು ಎರಡು ಸಲ ಕೇಳಿದೆ. ಅವರು ಎದ್ದು ಬಂದು ಬಾಗಿಲನ್ನು ಮೆತ್ತಗೆ ಮುಂದಕ್ಕೆ ತಳ್ಳಿ ಮುಚ್ಚಿದರು.

ಉಳಿದ ಬನ್ನುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಮನೆಗೆ ಬಂದಾಗ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು.

"ತಿಂದ್ರಾ?"

"ತಿಂದ್ರು."

"ನಿನ್ ಕೈಗೆ ಕೊಟ್ರಾ?"

ನಾನು ಇಲ್ಲವೆಂದು ತಲೆ ಆಡಿಸಿದೆ. ಅತ್ತೆ ಮೊರ ಕೆಳಗಿಟ್ಟರು. ಗಂಟಿನಿಂದ ಒಂದು ಬನ್ನು ತೆಗೆದರು. ಸೇಂದಿಯ ವಾಸನೆಗೆ ಮುಖ ಕಿವುಚಿಕೊಂಡೇ ಅದನ್ನು ಮುರಿದು, "ಬೆಳಗಿಂದ ಏನೂ ತಿಂದಿಲ್ಲ ನೀನು. ಚಾಚು ಕೈ" ಎಂದರು.

ನನಗೆ ಬೇಕಾಗಿದ್ದದ್ದು ಆ ಕೈಯಲ್ಲ. ಹಾಗೆ ಅನ್ನಿಸಿದ್ದು ನಿಜ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಆದರೂ ತೆಗೆದುಕೊಂಡು, ಅಲ್ಲೇ ನೆಲದ ಮೇಲೆ ಕೂತು ತಿಂದೆ, ಹಸಿವಾಗಿತ್ತು. ನಾನು ತಿಂದು ಮುಗಿಸುವ ತನಕ ಅತ್ತೆ ಎದುರಿಗೆ ನಿಂತಿದ್ದು, ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದರು.