ಚಹಾ ಚೆಲ್ಲಿದ ಕಿತ್ತಳೆ ಜಾಕೆಟ್

ಕುದುರೆ ಟೀಚರನ್ನು ನಾನು ಮೊದಲು ನೋಡಿದ್ದು ಕೆಲಸದ ಬಟ್ಟೆ ಮಾರುವ ಒಂದು ಅಂಗಡಿಯಲ್ಲಿ. ಮಂಗಳವಾರ, ಮಧ್ಯಾಹ್ನ ಮೂರರ ಹೊತ್ತು. ನಗರಸಭೆಯ ರಸ್ತೆ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ ನನಗೆ ಎರಡೇ ವಾರವಾಗಿತ್ತು. ರಸ್ತೆ ನೋಡಲು ಹೋಗುವಾಗ ಬೇಕಾಗುತ್ತದೆಂದು ಮಳೆಬೂಟು ಕೊಳ್ಳಲು ಹೋಗಿದ್ದೆ. ಹಳ್ಳಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಬೂಟಿಗೂ ಒಂದು ಘನತೆ ಇರಲಿ ಎಂದು ಅರ್ಧ ಗಂಟೆಯಿಂದ ಆರಿಸುತ್ತಿದ್ದೆ. ಕೈಯಲ್ಲಿ ಕಾಗದದ ಲೋಟದ ಚಹಾ ಇತ್ತು.

ನನಗಿಂತ ಹೆಚ್ಚು ಹೊತ್ತಿನಿಂದ ಆರಿಸುತ್ತಿದ್ದವರು ಅವರು. ಸುಮಾರು ಐವತ್ತರ ಕುಳ್ಳನೆಯ ಹೆಂಗಸು. ತುರುಬಿನಲ್ಲಿ ಎರಡು ಹುಲ್ಲುಕಡ್ಡಿ ಸಿಕ್ಕಿಕೊಂಡಿದ್ದವು. ಅವರ ಎದುರಿಗೆ ಹನ್ನೊಂದು ರಿಫ್ಲೆಕ್ಟರ್ ಜಾಕೆಟ್‌ಗಳ ರಾಶಿ, ರಾಶಿಯ ಹಿಂದೆ ಹರಳೆಣ್ಣೆ ಕುಡಿದ ಮುಖದ ಅಂಗಡಿಯವನು.

"ಮೇಡಂ, ಎಲ್ಲಾ ಒಂದೇ. ಹೊಳೆಯುತ್ತೆ. ಇನ್ನೇನು ಬೇಕು?"

"ನಿಮ್ಮ ಟ್ಯೂಬ್‌ಲೈಟ್ ಕೆಳಗೆ ನಮ್ಮತ್ತೆನೂ ಹೊಳೀತಾರೆ. ರಸ್ತೇಲಿ ಹೊಳೆಯುತ್ತಾ ಅನ್ನೋದನ್ನ ನೋಡ್ಬೇಕು," ಎಂದು ಅವರು ನನ್ನ ಕಡೆ ತಿರುಗಿದರು. "ನಿಮಗೇನೂ ಅವಸರ ಇಲ್ಲ ತಾನೆ? ಸ್ವಲ್ಪ ಇದನ್ನ ಹಾಕ್ಕೊಂಡು ಹೊರಗೆ ಆ ಗಿಡದ ಬೇಲಿ ಮುಂದೆ ನಿಂತ್ಕೋತೀರಾ?"

ಇಲ್ಲ ಎನ್ನಲು ನನಗೆ ಬರುವುದಿಲ್ಲ. ಅದನ್ನು ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ. ಅವರು ಗಟ್ಟಿಯಾಗಿ ಎಣಿಸುತ್ತ ಇನ್ನೂರು ಹೆಜ್ಜೆ ನಡೆದು ತಿರುಗಿ ನಿಂತರು. ನಾನು ತಿಳಿಹಸಿರು ಜಾಕೆಟ್ ತೊಟ್ಟು ಬೇಲಿಗೆ ಬೆನ್ನು ಕೊಟ್ಟೆ.

"ಎಲ್ಲಿದ್ದೀರಾ?" ಎಂದು ಅಲ್ಲಿಂದ ಕೂಗಿದರು.

"ಇಲ್ಲೇ ಇದೀನಿ!"

"ಬರೀ ತಲೆ ಕಾಣ್ತಿದೆ. ಎಲೆ ಜೊತೆ ಸೇರಿಹೋಗಿದ್ದೀರಾ. ಬಿಚ್ಚಿ ಅದನ್ನ!"

ಹಳದಿಯೂ ಹೋಯಿತು, ಗುಲಾಬಿಯೂ ಹೋಯಿತು. ನಮ್ಮೂರ ಹೊಲದ ಬೆದರುಬೊಂಬೆಗೆ ಇಷ್ಟು ಸಲ ಬಟ್ಟೆ ಬದಲಿಸುವ ಕಷ್ಟ ಇರಲಿಲ್ಲ. ಎಂಟನೆಯದು ಕಿತ್ತಳೆ ಬಣ್ಣದ್ದು. ಅದನ್ನು ತೊಟ್ಟಾಗ ಅವರು ಎರಡೂ ಕೈ ಎತ್ತಿ ಬೀಸಿದರು. ಸಂತೋಷಕ್ಕೆ ನಾನೂ ಬೀಸಿದೆ. ಚಹಾ ಪೂರ್ತಿ ಎದೆಯ ಮೇಲೆ.

"ಕಲೆ ಆದ ಮಾಲು ವಾಪಸ್ ತಗೊಳ್ಳಲ್ಲ," ಎಂದ ಅಂಗಡಿಯವನ ಮುಖದಲ್ಲಿ ಆ ದಿನ ಮೊದಲ ಬಾರಿ ನಗು ಕಂಡಿತು. ನಾನು ತಪ್ಪಾಯಿತೆಂದು ಜೇಬಿಗೆ ಕೈ ಹಾಕಿದೆ. "ಬಿಡಿ, ನಿಲ್ಲಿಸಿದ್ದು ನಾನೇ ತಾನೆ," ಎಂದು ಅವರು ತಡೆದರು. ನಾಲ್ಕು ಹೊಸ ಕಿತ್ತಳೆ ಜಾಕೆಟ್, ಒಂದು ಕಲೆಯಾದದ್ದು, ಕುದುರೆಯ ಕಾಲಿಗೆ ಸುತ್ತುವ ರಿಫ್ಲೆಕ್ಟರ್ ಪಟ್ಟಿಗಳ ಒಂದು ಕಟ್ಟು ಹೊತ್ತು ಹೊರಟರು. ಘನತೆಯ ಬೂಟು ಕೊಳ್ಳುವುದು ನನಗೆ ಮರೆತೇಹೋಯಿತು.

ಮರುದಿನ ನನ್ನ ಮೇಜಿನ ಮೇಲಿನ ಮೊದಲ ಅರ್ಜಿ ಅವರದೇ. ಅವರ ಲಾಯದಲ್ಲಿ ನಾಲ್ಕು ಕುದುರೆ, ಸವಾರಿ ಕಲಿಯಲು ಬರುವ ಮೂರು ಮಕ್ಕಳು. ಲಾಯದ ಅಂಗಳದಲ್ಲಿ ಕುದುರೆ ತಿರುಗಿದರೆ ಬಾಲ ಗೋಡೆಗೆ ತಾಗುತ್ತದೆ. ಸವಾರಿ ಕಲಿಸುವ ಬಯಲು ರಸ್ತೆಯಲ್ಲಿ ಅರ್ಧ ಮೈಲಿ ಆಚೆ. ಹಿಂದಿನ ತಿಂಗಳು ಒಂದು ಕಾರು ಸಾಲಿನ ಕೊನೆಯ ಕುದುರೆಯನ್ನು ಸವರಿಕೊಂಡು ಹೋಗಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಕಾಣಿಸಲೇ ಇಲ್ಲ ಎಂದ ಕಾರಿನವನು. ಅಷ್ಟು ದೊಡ್ಡ ಪ್ರಾಣಿ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ? ನಮ್ಮ ವಿಭಾಗ ನಂಬಿತು. ಕಾರಿನವನಿಗೆ ಏನೂ ಹೇಳದೆ ಕುದುರೆಗಳಿಗೆ ರಸ್ತೆ ನಿಷೇಧಿಸಿತು. ನಿಷೇಧ ತೆಗೆಯಲು ಒಂದು ಪರೀಕ್ಷೆ ಇಟ್ಟಿತು: ವಿಭಾಗದ ಸಾಹೇಬರು ಒಂದು ಸಂಜೆ ಕಾರಿನಲ್ಲಿ ಬಂದು ನೋಡುತ್ತಾರೆ, ಸವಾರರು ನೂರು ಹೆಜ್ಜೆ ದೂರದಿಂದ ಕಂಡರೆ ಅನುಮತಿ, ಕಾಣದಿದ್ದರೆ ಇಲ್ಲ. ರಸ್ತೆ ಇಲ್ಲದಿದ್ದರೆ ಬಯಲಿಲ್ಲ, ಬಯಲಿಲ್ಲದಿದ್ದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ನಾಲ್ಕು ಕುದುರೆಗಳನ್ನೂ ಬೇರೆಯವರ ಮನೆಗೆ ಕಳಿಸಬೇಕು. ಅರ್ಜಿಯ ಕೊನೆಯ ಸಾಲಿನಲ್ಲಿ ಅವರು ಇಷ್ಟೇ ಬರೆದಿದ್ದರು: "ಬೂದು ಕುದುರೆಗೆ ವಯಸ್ಸಾಗಿದೆ, ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ."

ನಿಯಮಗಳ ಹಾಳೆ ಕೊಟ್ಟುಬರಲು ನನ್ನನ್ನೇ ಕಳಿಸಿದರು. ಲಾಯಕ್ಕೆ ಅಂಟಿಕೊಂಡೇ ಅವರ ಮನೆ. ಕೂರಲು ಹೇಳಿದ ಸೋಫಾಕ್ಕೆ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಕುಳಿತರೆ ಕರಕರ, ಎದ್ದರೆ ಪರಪರ.

"ಎಷ್ಟು ವರ್ಷ ಆಯ್ತು ತಂದು?" ಎಂದೆ.

"ಒಂಬತ್ತು," ಎಂದರು ಅವರ ಅತ್ತೆ, ಹೆಮ್ಮೆಯಿಂದ. "ಹೇಗಿದೆ ನೋಡು ಮಗಾ, ನಿನ್ನೆ ತಂದ ಹಾಗಿಲ್ವಾ?"

"ನಮ್ಮತ್ತೆ ಮಳೆ ಬಂದ್ರೆ ಕೊಡೆ ನೆನೆಯುತ್ತೆ ಅಂತ ಕಂಕುಳಲ್ಲಿ ಇಟ್ಕೊಂಡು ಬರೋರು," ಎಂದರು ಟೀಚರ್.

"ಅದಕ್ಕೇ ಇವತ್ತಿಗೂ ಇದೆ ಆ ಕೊಡೆ. ನಿನ್ನವು ಎಷ್ಟು ಹೋದವು ಹೇಳು?"

ಮೂವತ್ತು ವರ್ಷಗಳ ಈ ವಾದದಲ್ಲಿ ಟೀಚರ್ ಒಮ್ಮೆಯೂ ಗೆದ್ದಿರಲಿಲ್ಲವಂತೆ.

ಅವರ ಗಂಡ ಬಸ್ಸಿನ ಡ್ರೈವರ್. ಆ ರಸ್ತೆಯಲ್ಲೇ ಓಡಾಡುವವರು. "ಬೆನ್ನಿಗೆ ಏನಾದ್ರೂ ಹಾಕ್ಕೊಳ್ಳಿ," ಎಂದಿದ್ದರಂತೆ ಅವರು ಮೊದಲೇ, "ಹೆಡ್‌ಲೈಟ್ ಬೀಳೋದು ಕೆಳಗೆ. ನನಗೆ ಮೊದಲು ಕಾಣೋದು ಕುದುರೆ ಕಾಲು. ಅದೂ ಅಲುಗಾಡ್ತಾ ಇದ್ರೆ ಇನ್ನೂ ಬೇಗ." ಹೆಂಡತಿ ಒಪ್ಪಿದ ಅವರ ಒಂದೇ ಒಂದು ಮಾತಂತೆ ಅದು. ಪಟ್ಟಿಗಳು ಬಂದದ್ದು ಅದರಿಂದಲೇ.

ಮೂರು ವಾರ ಟೀಚರ್ ತಯಾರಿ ನಡೆಸಿದರು. ಜಾಕೆಟ್ ಸಡಿಲವಾದರೆ ಗಾಳಿಗೆ ಪಟಪಟ ಎನ್ನುತ್ತದೆ, ಕುದುರೆ ಬೆದರುತ್ತದೆ. ಆದ್ದರಿಂದ ಪ್ರತಿ ಮಗುವಿನ ಅಳತೆಗೂ ಬದಿಯಲ್ಲಿ ಹೊಲಿಗೆ ಹಾಕಿದರು. ಪಟ್ಟಿಯ ಅಂಟು ಬಿಚ್ಚುವಾಗ ಪರ್ರ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಅಭ್ಯಾಸವಾಗಲೆಂದು ಒಂದೊಂದೇ ಕುದುರೆಯ ಪಕ್ಕ ನಿಂತು ದಿನಕ್ಕೆ ಇಪ್ಪತ್ತು ಸಲ ಬಿಚ್ಚಿ ಅಂಟಿಸಿದರು. ಬೂದು ಕುದುರೆ ಮೂರನೆಯ ದಿನಕ್ಕೆ ನಿದ್ದೆಹೋಯಿತು. ಅಷ್ಟು ಶ್ರದ್ಧೆಯಿಂದ ನಾನು ಡಿಗ್ರಿಗೂ ಓದಿರಲಿಲ್ಲ. ಕಲೆಯಾದ ಜಾಕೆಟ್ಟನ್ನು ಮಾತ್ರ ಅತ್ತೆ ತಮಗಿರಲಿ ಎಂದು ಎತ್ತಿಟ್ಟುಕೊಂಡರು. ಕುದುರೆಗಳ ಹಿಂದೆ ಸಲಿಕೆ ಹಿಡಿದು ಲದ್ದಿ ಎತ್ತುತ್ತ ಹೋಗುವುದು ಅವರ ಕೆಲಸ.

ಪರೀಕ್ಷೆಯ ಸಂಜೆ ತುಂತುರು ಮಳೆ. ಬೆಳಕು ಇಳಿಯುತ್ತಿತ್ತು. ಸಾಹೇಬರು ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿ ನಾನು, ತೊಡೆಯ ಮೇಲೆ ನಮೂನೆ ಹಾಳೆ. ಅದರಲ್ಲಿ ನಾಲ್ಕು ಖಾನೆ, ಸವಾರನಿಗೊಂದು. ತಿರುವು ದಾಟಿದೆವು.

"ಎಲ್ರೀ ಕುದುರೆ?"

"ಬರ್ತಾ ಇರ್ಬೇಕು ಸಾರ್."

"ಬರ್ತಾ ಇರೋದು ಯಾರೋ ಅಜ್ಜಿ." ಸಾಹೇಬರು ಬ್ರೇಕ್ ಒತ್ತಿದರು.

ರಸ್ತೆಯ ಅಂಚಿನಲ್ಲಿ, ನೂರೈವತ್ತು ಹೆಜ್ಜೆ ದೂರದಲ್ಲಿ, ಅತ್ತೆ ಉರಿಯುವ ಕೆಂಡದ ಹಾಗೆ ಬರುತ್ತಿದ್ದರು. ಹೆಗಲ ಮೇಲೆ ಸಲಿಕೆ. ದೊಡ್ಡ ಮನುಷ್ಯರು ಬರುತ್ತಾರೆ, ಎದುರುಗೊಳ್ಳಬೇಕು ಎಂದು ಆ ದಿನ ಸಾಲಿನ ಮುಂದೆ ಬಂದಿದ್ದರು. ಅವರ ಹಿಂದೆ ನೆಲಕ್ಕೆ ಹತ್ತಿರವಾಗಿ ಒಂದಷ್ಟು ಪಟ್ಟಿಗಳು ಕುಣಿಯುತ್ತಿದ್ದವು. ಪಟ್ಟಿಗಳ ಮೇಲೆ ಕತ್ತಲೆ. ಕಾರು ನಿಂತು, ಅವರೇ ಹತ್ತಿರ ಬಂದ ಮೇಲೆ ತಿಳಿಯಿತು: ಮೂರು ಮಕ್ಕಳೂ ಕಡು ನೀಲಿ ಮಳೆಅಂಗಿಯಲ್ಲಿದ್ದರು. ಕೊನೆಯಲ್ಲಿ ಬೂದು ಕುದುರೆಯ ಮೇಲೆ ಟೀಚರ್ ಒಬ್ಬರೇ ಕಿತ್ತಳೆ. ಆದರೆ ಅವರ ಮುಂದೆ ಮೂರು ಕುದುರೆಗಳ ಮರೆ. ಅವರು ಜೀನು ಬಿಗಿದು ಹೊರಬರುವಷ್ಟರಲ್ಲಿ ಅತ್ತೆ ಮಕ್ಕಳಿಗೆ ಮಳೆಅಂಗಿ ತೊಡಿಸಿ ಸಾಲನ್ನು ರಸ್ತೆಗೆ ಹೊರಡಿಸಿದ್ದರು. ಕಿರಿದಾದ ರಸ್ತೆಯಲ್ಲಿ ಸಾಲು ತಿರುಗಿಸುವಂತಿರಲಿಲ್ಲ.

"ಅತ್ತೇ!" ಎಂದು ಅವರು ಹಲ್ಲು ಕಚ್ಚಿ ಕರೆದದ್ದು ನನಗೆ ಕೇಳಿಸಿತು.

ಸಾಹೇಬರು ಇಳಿದರು. "ಮಕ್ಕಳ ಜಾಕೆಟ್ ಎಲ್ಲಿ?"

"ಒಳಗಿದೆ ಸ್ವಾಮಿ, ಜೋಪಾನವಾಗಿದೆ," ಎಂದರು ಅತ್ತೆ. "ಒಂದು ಹನಿ ಬಿದ್ದಿಲ್ಲ."

"ಮತ್ತೆ ನಿಮ್ಮದು ಹೊರಗಿದೆಯಲ್ಲ?"

"ಇದಾ? ಇದು ಕಲೆ ಆಗಿರೋದು. ನೆಂದ್ರೆಷ್ಟು, ಬಿಟ್ರೆಷ್ಟು!"

ಟೀಚರ್ ಇಳಿದು ಕುದುರೆಯನ್ನು ನಡೆಸಿಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು. ಕೈ ಬೂದು ಕುದುರೆಯ ಕುತ್ತಿಗೆಯ ಮೇಲೇ ಇತ್ತು. ನನ್ನ ಹಾಳೆಯ ನಾಲ್ಕೂ ಖಾನೆ ಖಾಲಿ.

ಸಾಹೇಬರು ಕಂಡದ್ದನ್ನೇ ಬರೆಸುವವರು. ಅದು ಅವರ ಗುಣವೂ ಹೌದು, ದೋಷವೂ ಹೌದು. ಹಿಂದೆ ಕಾರನ್ನೂ ಮುಂದೆ ಅಜ್ಜಿಯನ್ನೂ ನೋಡಿದರು. "ಮಕ್ಕಳು ಕಾಣಲಿಲ್ಲ. ಆದ್ರೆ ನಾನು ಬ್ರೇಕ್ ಹಾಕಿದ್ದಂತೂ ನಿಜ, ಅಲ್ವೇನ್ರೀ?"

"ಹೌದು ಸಾರ್. ನೂರೈವತ್ತು ಹೆಜ್ಜೆಯಿಂದಲೇ."

"ಹಾಗಾದ್ರೆ ಬರ್ಕೊಳ್ಳಿ. ಕಾರು ನಿಂತ್ರೆ ಸಾಕಲ್ವೇ?"

ಬರೆದುಕೊಂಡೆ. ಅನುಮತಿ ಕೊಡಲಾಗಿದೆ, ಷರತ್ತು ಎರಡು. ಮಳೆಅಂಗಿ ಜಾಕೆಟ್ಟಿನ ಒಳಗಿರಬೇಕು, ಹೊರಗಲ್ಲ. ಸಾಲಿನ ಮುಂದೆ ಸದರಿ ಕಿತ್ತಳೆ ಜಾಕೆಟ್ ತೊಟ್ಟ ಒಬ್ಬರು ನಡೆದುಹೋಗತಕ್ಕದ್ದು.

"ಸದರಿ ಅಂದ್ರೆ ಈ ಕಲೆದೇನಾ?" ಎಂದು ಅತ್ತೆ ಕೇಳಿದರು.

"ಅದೇ ಅಜ್ಜಿ."

"ನೋಡಿದ್ಯಾ?" ಎಂದು ಅವರು ಸೊಸೆಯ ಕಡೆ ತಿರುಗಿದರು. "ಹಳೇದನ್ನ ಎಸೀಬಾರ್ದು ಅಂತ ನಾನು ಬಡ್ಕೊಳ್ಳೋದು ಇದಕ್ಕೇ."

ಟೀಚರ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಹನ್ನೊಂದು ಜಾಕೆಟ್ ನೋಡಿದೆ, ಮೂರು ವಾರ ಹೊಲಿದೆ. ಕೊನೆಗೆ ಪಾಸಾಗಿದ್ದು ನಿಮ್ಮ ಚಹಾ."

ಇದಾಗಿ ಎರಡು ವರ್ಷ ಕಳೆಯಿತು. ಕುದುರೆ ಟೀಚರ್ ಈಗಲೂ ವಾರಕ್ಕೆ ಐದು ಸಂಜೆ ಸವಾರಿ ಕಲಿಸುತ್ತಾರೆ. ಬಯಲಿಗೆ ಹೋಗುವಾಗ ಬೂದು ಕುದುರೆಯ ಮೇಲೆ ಸಾಲಿನ ಕೊನೆಯಲ್ಲಿ, ಅತ್ತೆಯ ನಡಿಗೆಯ ವೇಗದಲ್ಲಿ ಹೋಗುತ್ತಾರೆ.