ನಾವು ಹಪ್ಪಳ ಒಣಗಿಸುತ್ತಿದ್ದ ಸೈಟು

ಕಡೂರಿನ ನಮ್ಮ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿತ್ತು. ಸೈಟು ನಮ್ಮದಲ್ಲ, ಬಿಸಿಲು ಮಾತ್ರ ನಮ್ಮದು. ನಾನು ಮದುವೆಯಾಗಿ ಬರುವ ಹೊತ್ತಿಗಾಗಲೇ ಬೀದಿಯ ಹೆಂಗಸರೆಲ್ಲ ಅಲ್ಲಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುತ್ತಿದ್ದರು. ನಮ್ಮ ಅತ್ತೆ ಚಳಿಗಾಲದ ಬೆಳಿಗ್ಗೆ ಅಲ್ಲಿದ್ದ ಚಪ್ಪಡಿಯ ಮೇಲೆ ಕೂತು ಮಂಡಿಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಶಿವರಾತ್ರಿ ಕಳೆದು ಚಳಿ ಶಿವಶಿವಾ ಅನ್ನುತ್ತ ಹೋದ ಮೇಲಂತೂ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ, ಉಳುವವನೇ ಹೊಲದೊಡೆಯ ಎನ್ನುತ್ತಿದ್ದ ಕಾಲ. ನಮ್ಮ ಬೀದಿಯಲ್ಲಿ ಒಣಗಿಸುವವಳೇ ಸೈಟಿನೊಡತಿ.

ನಿಜವಾದ ಒಡತಿ ರೈಲ್ವೆ ಗಾರ್ಡೊಬ್ಬರ ಹೆಂಡತಿ. ಸ್ಟೇಷನ್ನಿನ ಹತ್ತಿರ ಕ್ವಾರ್ಟರ್ಸಿನಲ್ಲಿದ್ದರು. ಆಗಾಗ ಸೈಟು ನೋಡಿಕೊಂಡು ಹೋಗಲು ಬರುತ್ತಿದ್ದವರು ಮಾತಿಗೆ ಕೂತು, ಕೊನೆಗೆ ನಮ್ಮ ಹಪ್ಪಳದ ಮುಯ್ಯಿಗೂ ಸೇರಿಕೊಂಡರು. ಮುಯ್ಯಿ ಎಂದರೆ ಇವತ್ತು ನೀವು ನಮ್ಮನೆಗೆ ಬಂದು ಹಪ್ಪಳ ಒತ್ತಿಕೊಟ್ಟರೆ ನಾಳೆ ನಾವು ನಿಮ್ಮನೆಗೆ ಹೋಗಿ ಒತ್ತಿಕೊಡಬೇಕು. ಮಾತು ಬಿಟ್ಟವರೂ ಮುಯ್ಯಿ ಬಿಡುತ್ತಿರಲಿಲ್ಲ.

ಗಾರ್ಡು ರಿಟೈರಾಗುವ ವರ್ಷ ಅಲ್ಲಿ ಮನೆ ಕಟ್ಟಲು ಹೊರಟರು. ಸೈಟು ಉದ್ದವಿತ್ತು, ಅಗಲವಿರಲಿಲ್ಲ. ಪುರಸಭೆಯ ನಿಯಮದಂತೆ ಎರಡೂ ಪಕ್ಕ ಜಾಗ ಬಿಟ್ಟರೆ ಉಳಿಯುವುದು ಮಂಚ ಹಾಕಿದರೆ ಓಡಾಡಲಾಗದಷ್ಟು. ಗೋಡೆಯನ್ನು ನಮ್ಮ ಎಲ್ಲೆಯವರೆಗೂ ತರಲು ವಿನಾಯಿತಿ ಬೇಕು, ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕು. ನಮ್ಮ ಮನೆಯ ಖಾತೆ ಅತ್ತೆಯ ಹೆಸರಿನಲ್ಲಿತ್ತು. ಅವರು ಬೇಡ ಎಂದರೆ ಮುಗಿಯಿತು.

ಬೇಡ ಎನ್ನಲೇಬೇಕು ಎಂದು ಬೀದಿಯೆಲ್ಲ ಒಂದಾಯಿತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಗೋಡೆ ಎದ್ದರೆ ನಮ್ಮ ಅಡುಗೆಮನೆಯ ಕಿಟಕಿ ಇದ್ದೂ ಇಲ್ಲದ ಹಾಗೆ. ಪುರಸಭೆಯ ಓವರ್‌ಸಿಯರ್ ಜಾಗ ನೋಡಲು ಬರುವ ದಿನವೇ ನಮ್ಮ ಮನೆಯ ಹಪ್ಪಳ ಇಟ್ಟುಕೊಳ್ಳೋಣ, ಸೈಟಿನ ತುಂಬ ಹರಡಿ ತೋರಿಸೋಣ ಎಂಬ ಉಪಾಯ ನನ್ನದೇ.

ಅವತ್ತು ಬೆಳಿಗ್ಗೆ ಹಿಟ್ಟು ಕುಟ್ಟಿ, ಉಂಡೆ ಕಟ್ಟಿ, ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದೆವು. ನೋಡಿದರೆ ಬಾಗಿಲಲ್ಲಿ ಗಾರ್ಡಿನ ಹೆಂಡತಿ, ಕೈಯಲ್ಲಿ ಲಟ್ಟಣಿಗೆ!

“ನೀವ್ಯಾಕ್ರೀ ಬಂದ್ಬಿಟ್ರಿ?” ಎಂದೆ. ನನ್ನ ದನಿ ಚೆನ್ನಾಗಿರಲಿಲ್ಲ.

“ಇವತ್ತು ನಿಮ್ಮನೆ ಹಪ್ಪಳ ಅಲ್ವೇನಮ್ಮ? ತಕರಾರು ಬೇರೆ, ಮುಯ್ಯಿ ಬೇರೆ,” ಎಂದು ಅವರು ಕೂತೇಬಿಟ್ಟರು. ತಮ್ಮ ಮನೆ ತಪ್ಪಿಸಲು ಹರಡುವ ಹಪ್ಪಳ ಎಂದು ಗೊತ್ತಿದ್ದೂ ಎಲ್ಲರಿಗಿಂತ ತೆಳ್ಳಗೆ ಒತ್ತಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಅತ್ತೆ ಕೇಳಿದರು: “ನಿಂದು ಯಾವತ್ತು ಇಟ್ಕಂಡಿದೀಯ? ನಾವು ಬರ್ಬೇಕಲ್ಲ.”

“ಈ ವರ್ಷ ಇಲ್ಲ ಬಿಡಿ ಅಕ್ಕ. ಕ್ವಾರ್ಟರ್ಸ್ ಬಿಡ್ಬೇಕು. ಎಲ್ಲಿ ಅಂತ ಒತ್ಲಿ?”

ದೂರುವ ದನಿಯಲ್ಲಿ ಹೇಳಲಿಲ್ಲ, ಮಳೆ ಬಿಸಿಲಿನ ವಿಷಯ ಹೇಳುವಂತೆ ಹೇಳಿದರು. ಅತ್ತೆ ಉಂಡೆಯ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದರು.

ಮಧ್ಯಾಹ್ನ ಓವರ್‌ಸಿಯರ್ ಬಂದು, ಹಪ್ಪಳ ತುಳಿಯದ ಹಾಗೆ ತುದಿಗಾಲಲ್ಲಿ ಟೇಪು ಹಿಡಿದರು. ಕಟ್ಟಬಹುದೋ ಇಲ್ಲವೋ ಎಂದರೆ “ಎಲ್ಲಾ ನಿಮ್ಮ ನಿಮ್ಮಲ್ಲೇ ಐತೆ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಗಾರ್ಡಿನ ಹೆಂಡತಿ ಅತ್ತೆಯ ಕಡೆ ತಿರುಗಿದರು. “ಅಕ್ಕ, ಹೆಂಚು ಹೊದ್ಸಲ್ಲ, ತಾರ್ಸಿ ಹಾಕಿಸ್ತೀವಿ. ಮೆಟ್ಲು ಬೀದಿ ಕಡೆಗೇ ಇಡ್ತೀವಿ. ಯಾರು ಬೇಕಾದ್ರೂ ಹತ್ತಿ ಒಣಗಿಸ್ಕಳಿ, ನನ್ನ ಕೇಳೋದೂ ಬೇಡ.”

ಅತ್ತೆ ಸೈಟನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಓವರ್‌ಸಿಯರಿಗೆ, “ಕಟ್ಕಳ್ಳಿ ಬಿಡಿ ಸ್ವಾಮಿ. ಇವಳ ಮುಯ್ಯಿ ನಮ್ಮ ಮೇಲೈತೆ. ಮನೇನೇ ಇಲ್ಲ ಅಂದ್ರೆ ಎಲ್ಲಿಗೋಗಿ ತೀರ್ಸೋದು?” ಎಂದರು.

ನನಗೆ ರೇಗಿಹೋಯಿತು. ಇಷ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಎರಡು ದಿನ ಅತ್ತೆಯ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಮನೆ ಎದ್ದಿತು. ನಮ್ಮ ಅಡುಗೆಮನೆ ಕತ್ತಲಾಯಿತು, ಒಂದು ಗಾಜಿನ ಹೆಂಚು ಹಾಕಿಸಿಕೊಂಡೆವು. ಹೇಳಿದ ಮಾತಿನಂತೆ ಮೆಟ್ಟಿಲು ಬೀದಿಯ ಕಡೆಗೇ ಬಂತು. ಮರುವರ್ಷ ಮೊದಲ ಹಪ್ಪಳ ಅವರದೇ. ಒತ್ತಿ ಮುಗಿಸಿ ಎಲ್ಲರೂ ಮೊರ ಹಿಡಿದು ತಾರಸಿ ಹತ್ತಿದೆವು. ಕೆಳಗಿದ್ದದ್ದಕ್ಕಿಂತ ಒಳ್ಳೆಯ ಬಿಸಿಲು, ನಾಯಿ ಕೋಳಿಗಳ ಕಾಟವೂ ಇಲ್ಲ. ನಗುತ್ತ ಹರಡುತ್ತಿದ್ದಾಗ ನೋಡುತ್ತೇನೆ, ಅತ್ತೆ ಇಲ್ಲ.

ಕೆಳಗೆ ಇಣುಕಿದೆ. ಮೊದಲ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಹೊಸ್ತಿಲು ದಾಟಲೂ ಬಾಗಿಲು ಹಿಡಿಯುತ್ತಿದ್ದವರು ಅವರು. ಅಷ್ಟೊಂದು ಜಗಳವಾಡಿದ ನಮಗೆ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಮೊರ ಅಲ್ಲೇ ಇಟ್ಟೆ. ಇಳಿದು ಹೋಗಿ ಪಕ್ಕದಲ್ಲಿ ಕೂತೆ.

“ಒಪ್ಕೊಳ್ಳೋವಾಗ ಮೆಟ್ಲು ಹತ್ತೋ ವಿಷ್ಯ ಹೊಳೀಲಿಲ್ವಾ ಅತ್ತೆ?”

“ಹೊಳೀದೆ ಏನು, ಮಂಡಿ ನಂದಲ್ವೇನೇ?” ಎಂದರು. ಆಮೇಲೆ ತಲೆಯೆತ್ತಿ ತಾರಸಿಯ ಕಡೆ ನೋಡಿ, “ಮೇಲೆ ಬಿಸ್ಲು ಹೆಂಗೈತೆ, ಹೇಳು,” ಎಂದರು.